ಬಸ್ ತಳ್ಳುವ ಹಬ್ಬದಲ್ಲಿ ನಾನು ತೀರಿಕೊಂಡ ಸುದ್ದಿ

"ಬಸ್ ಕೆಟ್ಟಿದ್ಯೇನ್ರೋ?" ಎಂದು ಟ್ರಾಫಿಕ್ ಪೊಲೀಸ್ ಇವತ್ತು ಬೆಳಿಗ್ಗೆ ಟಿನ್ ಫ್ಯಾಕ್ಟರಿ ಬಳಿ ಸೀಟಿ ಊದಿ ನಮ್ಮ ಕಾಲೇಜು ಬಸ್ಸನ್ನು ತಡೆದ.

"ಇಲ್ಲ ಸಾರ್, ಚೆನ್ನಾಗಿದೆ."

"ಮತ್ಯಾಕೆ ತಳ್ತಿದೀರಾ?"

"ವರ್ಷಾವರ್ಷ ತಳ್ತೀವಿ ಸಾರ್. ಹಬ್ಬ."

ನನ್ನ ಬ್ಯಾಚಿನ ಗೆಳೆಯರೇ, ಬಸ್ಸಿಗೆ ಚೆಂಡುಹೂವಿನ ಹಾರ, ಮುಂದೆ ತಮಟೆ, ಸ್ಟೀರಿಂಗ್ ಹಿಡಿದು ಕೂತ ಹೊಸ ಪ್ರಿನ್ಸಿಪಾಲರು. ಹಳೆಯ ವಿದ್ಯಾರ್ಥಿನಿಯಾಗಿ ನಾನೂ ಹಿಂದಿನಿಂದ ತಳ್ಳುತ್ತಿದ್ದೆ. ಪೊಲೀಸನಿಗೆ ಸಿಟ್ಟು ನೆತ್ತಿಗೇರಿತು. ದಂಡದ ರಸೀದಿ ಪುಸ್ತಕ ತೆಗೆದ. ಆಗ ಫಸ್ಟ್ ಇಯರ್ ಹುಡುಗಿಯೊಬ್ಬಳು ಹಬ್ಬದ ಚರಿತ್ರೆ ಶುರುಮಾಡಿದಳು.

"ಫಸ್ಟ್ ಬ್ಯಾಚಲ್ಲಿ ಒಬ್ರು ಅಕ್ಕ ಕಾಲು ಮುರ್ಕೊಂಡಿದ್ರಂತೆ ಸಾರ್. ಪರೀಕ್ಷೆ ದಿನ ಇಲ್ಲೇ ಬಸ್ ಕೆಟ್ಟೋಯ್ತಂತೆ. ಮಿಕ್ಕೋರು ಓಡೋಗ್ಬೋದಿತ್ತು. ಅವರೊಬ್ರನ್ನೇ ಬಿಟ್ಟು ಹೋಗ್ದೆ, ಕಾಲೇಜ್ ತನಕ ಬಸ್ ತಳ್ಕೊಂಡೇ ಬಂದ್ರಂತೆ. ಪಾಪ, ಈಗ ಅವ್ರಿಲ್ಲ. ತೀರ್ಕೊಂಬಿಟ್ರು."

ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕಿಟಕಿ ಪಕ್ಕ ಕೂತು, ನಿಮ್ಮೆಲ್ಲರ ಬೆವರು ನೋಡಿ ಅಳುತ್ತಿದ್ದವಳು ನಾನೇ. ತೀರಿಕೊಂಡದ್ದು ಮಾತ್ರ ನನಗೂ ಹೊಸ ಸುದ್ದಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಪೊಲೀಸ್ ಹ್ಯಾಟ್ ತೆಗೆದಿದ್ದ. "ಅಂಥ ಫ್ರೆಂಡ್ಸ್ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ" ಎಂದವನೇ ಪುಸ್ತಕ ಜೇಬಿಗೆ ಸೇರಿಸಿ, ನನ್ನ ಪಕ್ಕ ನಿಂತು ಬಸ್ಸಿಗೆ ಹೆಗಲು ಕೊಟ್ಟ. "ಮೇಡಂ, ಸ್ವಲ್ಪ ಜೋರಾಗಿ ತಳ್ಳಿ. ಸತ್ತೋರಿಗೋಸ್ಕರ ಇಷ್ಟಾದ್ರೂ ಮಾಡ್ಬೇಡ್ವಾ?"

ತಳ್ಳಿದೆ. ಅವತ್ತು ಇಳಿಯಲಾಗದೆ ಕೂತಿದ್ದ ನನಗೆ ಇವತ್ತು ಗೊತ್ತಾಯಿತು, ಆ ಬಸ್ಸು ಎಷ್ಟು ಭಾರವಿತ್ತೆಂದು. ಇಷ್ಟು ತಡವಾಗಿ ನಿಮಗೆಲ್ಲ ಥ್ಯಾಂಕ್ಸ್.

ನಾನು ಬದುಕಿದ್ದೇನೆಂದು ಮಾತ್ರ ಕಾಲೇಜಿನಲ್ಲಿ ಯಾರಿಗೂ ಹೇಳಬೇಡಿ. ಮುಂದಿನ ವರ್ಷ ದಂಡ ಬೀಳುತ್ತದೆ.