ನೆಲಮಾಳಿಗೆಯ ಬಾಗಿಲ ಮೇಲಿನ ಅಂಕಿಗಳು

ಇಟಲಿಯ ವಾಲ್ಪೊಲಿಚೆಲ್ಲ ಕಣಿವೆಯ ಒಲಿಂದೋ ವೈನ್ ಬೆರೆಸುತ್ತಿದ್ದದ್ದು ನೆಲಮಾಳಿಗೆಯಲ್ಲಲ್ಲ, ಊಟದ ಮೇಜಿನ ಮೇಲೆ. ಕೊರ್ವೀನಾ ದ್ರಾಕ್ಷಿಯಿಂದ ಗಟ್ಟಿತನ ಮತ್ತು ಚೆರ್ರಿಯ ಪರಿಮಳ, ರೊಂದಿನೆಲ್ಲಾದಿಂದ ಬಣ್ಣ, ಮೊಲಿನಾರಾದಿಂದ ಹುಳಿಯ ಚುರುಕು. ಯಾವುದು ಎಷ್ಟೆಂದು ಊಟವೇ ಹೇಳಬೇಕು ಎಂಬುದು ಅವನ ನಂಬಿಕೆ. ಅದಕ್ಕೇ ಪ್ರತಿ ಮಾರ್ಚಿನ ಒಂದು ಭಾನುವಾರ ಹೆಂಡತಿ ಎರ್ನೆಸ್ತಾ, ಮೂರು ದಿನ ವೈನಿನಲ್ಲಿ ನೆನೆಸಿಟ್ಟ ಕುದುರೆ ಮಾಂಸಕ್ಕೆ ಈರುಳ್ಳಿ, ಲವಂಗ ಹಾಕಿ ಬೇಯಿಸುವಳು. ಮೆಕ್ಕೆಜೋಳದ ಮುದ್ದೆಯ ಜೊತೆ ಅದನ್ನು ತಿನ್ನುತ್ತಾ ಒಲಿಂದೋ ಗಾಜಿನ ಅಳತೆಪಾತ್ರೆಯಲ್ಲಿ ಮೂರನ್ನೂ ಬೆರೆಸಿ ನೋಡುವನು. "ಇದೇ" ಎಂದೊಡನೆ ಅವಳು ಸೀಮೆಸುಣ್ಣ ಹಿಡಿದು ನೆಲಮಾಳಿಗೆಯ ಬಾಗಿಲ ಮೇಲೆ ಇಸವಿ, ಅದರ ಮುಂದೆ ನೂರರಲ್ಲಿ ಯಾವ ದ್ರಾಕ್ಷಿಯದು ಎಷ್ಟೆಂದು ಮೂರು ಅಂಕಿ ಬರೆಯುವಳು. ಅಂಥ ಇಪ್ಪತ್ತೆರಡು ಸಾಲುಗಳಿದ್ದವು.

1974ರ ಸಾಲು ಬರೆಯಲು ಅವಳಿರಲಿಲ್ಲ. ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದಳು.

ಆ ಸಲದ ಮಿಶ್ರಣ ಹದವಾಗಿ ಬರಲೇಬೇಕಿತ್ತು. ಮೊದಲಿನಿಂದಲೂ ಅವನ ವೈನನ್ನೇ ಕೊಳ್ಳುತ್ತಿದ್ದ ಊಟದಂಗಡಿಯ ಬೆಪ್ಪಿನೋ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಮೂರು ವರ್ಷದಿಂದ ನಿನ್ನ ವೈನ್ ಕುಡಿದ್ರೆ ಹಲ್ಲು ಜುಂ ಅನ್ನುತ್ತೆ ಮಾರಾಯ. ನಿಂಬೆಹಣ್ಣು ಹಿಂಡಿದಾನಾ ಅಂತ ಗಿರಾಕಿಗಳು ಕೇಳ್ತಾರೆ. ಈ ಸಲಾನೂ ಹಂಗೇ ಆದ್ರೆ ನಾನು ಬೇರೆ ಕಡೆ ನೋಡ್ಕೋತೀನಿ."

"ನಿನ್ನ ಅಡುಗೆ ಕೆಟ್ಟಿದ್ರೆ ನನ್ನ ವೈನ್ ಯಾಕೆ ಬೈತೀಯ? ನಮ್ಮನೇಲಿ ಸರಿಯಾಗೇ ಇರುತ್ತೆ" ಎಂದಿದ್ದ ಒಲಿಂದೋ. ಅದು ಸುಳ್ಳೇನಲ್ಲ.

ಆ ಮಾರ್ಚಿನ ಭಾನುವಾರ ಸೊಸೆ ಲುಯಿಜೀನಾ ಅದೇ ಮಾಂಸದ ಸಾರು ಮಾಡಿದಳು. ಒಲಿಂದೋ ಕಳೆದ ವರ್ಷದ ಅಳತೆಯಲ್ಲೇ ಬೆರೆಸಿ, ಒಂದು ತುತ್ತು ತಿಂದು, ಒಂದು ಗುಟುಕು ಕುಡಿದ. ಹುಳಿ ದವಡೆಗೆ ಹೊಡೆಯಿತು.

"ಯಾಕೆ ಮಾವ ಹಂಗೆ ಮುಖ ಹಿಂಡ್ತೀರ?"

"ಸಪ್ಪೆ ಕಣಮ್ಮ. ನಿಮ್ಮತ್ತೆ ಹಾಕ್ತಿದ್ದಷ್ಟು ಉಪ್ಪು ಹಾಕಿಲ್ಲ ನೀನು."

ಲುಯಿಜೀನಾ ಸೌಟು ಕೆಳಗಿಟ್ಟಳು. "ನಾನು ಮದುವೆಯಾಗಿ ಬಂದಾಗ ಅತ್ತೆ ಹೇಳಿಕೊಟ್ಟಷ್ಟೇ ಹಾಕಿದೀನಿ. ಆಮೇಲಾಮೇಲೆ ಅವರೇ ಜಾಸ್ತಿ ಮಾಡ್ತಾ ಹೋದ್ರು. ನಾವು ನೀರು ಕುಡ್ಕೊಂಡು ಸುಮ್ಮನಿರ್ತಿದ್ವಿ. ನೀವೇ ಚಪ್ಪರಿಸ್ಕೊಂಡು ತಿಂತಿದ್ರಲ್ಲ, ಯಾರು ಹೇಳ್ತಾರೆ?"

ಒಲಿಂದೋ ತಟ್ಟೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ ತಿಂದು, ಕುಡಿದ. ಇನ್ನೊಂದು ಚಿಟಿಕೆ. ಮೂರನೆಯದಕ್ಕೆ ಅದೇ ವೈನಿನ ಹುಳಿ ಅಡಗಿ ನುಣ್ಣಗಾಯಿತು.

ಎರ್ನೆಸ್ತಾಳನ್ನು ಕೊನೆಗೆ ಸೇರಿಸಿದ್ದ ವೆರೋನಾದ ಆಸ್ಪತ್ರೆ ನೆನಪಾಯಿತು. ಮೂತ್ರಪಿಂಡದ ಮೇಲಿನ ಗ್ರಂಥಿಗಳು ವರ್ಷಗಟ್ಟಲೆ ಸೊರಗುತ್ತಾ ಬರುವ ಕಾಯಿಲೆ ಎಂದಿದ್ದರು. ಮೈ ಉಪ್ಪನ್ನು ಹಿಡಿದಿಡಲಾರದೆ ಮತ್ತೆ ಮತ್ತೆ ಬೇಡುತ್ತದಂತೆ. "ಉಪ್ಪು ಜಾಸ್ತಿ ತಿಂತಿದ್ರಾ? ಯಾವಾಗಿಂದ?" ಎಂದು ಡಾಕ್ಟರು ಕೇಳಿದ್ದರು. "ಇಲ್ಲ ಡಾಕ್ಟ್ರೇ, ಯಾವಾಗ್ಲೂ ತಿನ್ನೋ ಹಾಗೇ" ಎಂದಿದ್ದ. ಅದಾದ ಮೇಲೆ ಅವಳು ಎರಡು ದಿನ ಬದುಕಿದ್ದಳು.

ಎದ್ದು ಹೋಗಿ ಬಾಗಿಲ ಮುಂದೆ ನಿಂತ. 1967ರವರೆಗೂ ಮೊಲಿನಾರಾ ಐದೇ. ಮರುವರ್ಷ ಎಂಟು. ಆಮೇಲೆ ಹನ್ನೊಂದು, ಹದಿನಾಲ್ಕು. ಕೊನೆಯ ಸಾಲಿನಲ್ಲಿ ಇಪ್ಪತ್ಮೂರು. ಸಾರಿನ ಉಪ್ಪು ಏರಿದಂತೆ ಪ್ರತಿ ಸಲವೂ ಊಟದ ಜೊತೆ ವೈನ್ ಮಂದವೆನಿಸಿತ್ತು, ಅವನು ಹುಳಿ ಏರಿಸಿದ್ದ. ದ್ರಾಕ್ಷಿ ಬದಲಾಗಿದೆ ಎಂದುಕೊಂಡಿದ್ದ, ತೋಟದ ಮಣ್ಣನ್ನೂ ಬೈದಿದ್ದ. ಎದುರಿಗೆ ಕೂತವಳನ್ನು ನೋಡಿರಲಿಲ್ಲ. ಅಷ್ಟನ್ನೂ ಅವಳೇ ತನ್ನ ಕೈಯಾರೆ ಬರೆದಿದ್ದಳು.

ಮೇಜಿಗೆ ಮರಳಿ ಲುಯಿಜೀನಾ ಮಾಡಿದ ಸಾರಿಗೆ ಒಪ್ಪುವಂತೆ ಹೊಸದಾಗಿ ಬೆರೆಸಿದ. ಎಪ್ಪತ್ತು, ಇಪ್ಪತ್ತೈದು, ಐದು. ಬೆಪ್ಪಿನೋ ಇನ್ನು ಗೊಣಗಲಾರ.

"ನಾನು ಬರೀಲಾ ಮಾವ?"

"ಬೇಡಮ್ಮ, ಕೊಡಿಲ್ಲಿ."

ಎರ್ನೆಸ್ತಾಳ ನೆಟ್ಟನೆಯ ಅಂಕಿಗಳ ಕೆಳಗೆ ಅವನವು ಒಂದು ಕಡೆಗೆ ವಾಲಿದವು. ಸೀಮೆಸುಣ್ಣ ಕೈಯಲ್ಲೇ ಇತ್ತು.

"ಅರವತ್ತೆಂಟರಿಂದ ಡಾಕ್ಟ್ರೇ" ಎಂದ.

"ಏನಂದ್ರಿ?"

"ಏನಿಲ್ಲ. ಸಾರು ಹದವಾಗಿದೆ ಅಂದೆ."