ತಾಚಿಬಾನಾ ಸಾನ್‌ಗೆ ಬಿದ್ದ ಚಪ್ಪಾಳೆ

ಜಪಾನಿನ ಓಜಿಮಾದ ಆ ದೊಡ್ಡ ವಸತಿ ಕಟ್ಟಡಗಳ ಸಾಲಿನಲ್ಲಿ ವೇದವಲ್ಲಿಯವರ ಪರಿಚಯವಿಲ್ಲದ ಕನ್ನಡದ ಮನೆಯಿಲ್ಲ. ಬೆಂಗಳೂರಿನಿಂದ ಹೊಸದಾಗಿ ಬಂದಿಳಿದ ಹುಡುಗಿಯರಿಗೆ ಯಾವ ವಾರ ಯಾವ ಕಸ ಹೊರಗಿಡಬೇಕು, ಯಾವ ಬಿಸ್ಕತ್ತಿನಲ್ಲಿ ಹಂದಿಯ ಕೊಬ್ಬಿದೆ, ಕರಿಬೇವು ಎಲ್ಲಿ ಸಿಗುತ್ತದೆ ಎಂದೆಲ್ಲ ಹೇಳಿಕೊಡುವವರು ಅವರೇ. ಜೊತೆಗೆ ಒಂದೆರಡು ಸುಳ್ಳನ್ನೂ ಸೇರಿಸಿ ಕೊಡುವುದು ಅವರ ಅಭ್ಯಾಸ. ವಾರ್ಡ್ ಆಫೀಸಿನಲ್ಲಿ ಎಷ್ಟು ಬಗ್ಗಿದರೆ ಅಷ್ಟು ಬೇಗ ಕೆಲಸವಾಗುತ್ತದೆ ಎಂಬ ಅವರ ಮಾತನ್ನು ನಂಬಿದ ಒಬ್ಬ ಹುಡುಗಿ ಕೌಂಟರಿಗೆ ಹಣೆ ಬಡಿದುಕೊಂಡು ಬಂದಿದ್ದಳು.

"ಕೆಲಸ ಆಯ್ತೋ ಇಲ್ವೋ?" ಎಂದು ವೇದವಲ್ಲಿ ಕೇಳಿದರು.

"ಆಯ್ತು ಆಂಟಿ."

"ಮತ್ತೆ?"

ಆರು ತಿಂಗಳ ಪ್ರಾಜೆಕ್ಟ್ ಎಂದು ಹೇಳಿ ಗಂಡ ಅನಂತಮೂರ್ತಿ ವೇದವಲ್ಲಿಯವರನ್ನು ಮೈಸೂರಿನಿಂದ ಕರೆತಂದಾಗ ಅವರ ಸೂಟ್‌ಕೇಸಿನಲ್ಲಿ ಅರ್ಧ ಜಾಗವನ್ನು ಕುಕ್ಕರೇ ತಿಂದಿತ್ತು. ಆರು ತಿಂಗಳು ಇಪ್ಪತ್ತೆರಡು ವರ್ಷವಾಯಿತು. ಅವರು ಉಳಿದರು, ಉಳಿದವರೆಲ್ಲ ಹೊರಟರು. ಕಂಪನಿಯವರು ಕಳಿಸಿದ ಸಂಸಾರಗಳು ಎರಡೋ ಮೂರೋ ವರ್ಷ ಇದ್ದು, ಮಗುವಿನ ಬಾಯಲ್ಲಿ ನಾಲ್ಕು ಜಪಾನಿ ಮಾತು ಕೂರುವ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿದ್ದವು. ಹೋಗುವಾಗ ಪ್ರತಿಯೊಬ್ಬಳೂ ಕಣ್ಣೊರೆಸಿಕೊಂಡು, ಅರ್ಧ ಖಾಲಿಯಾದ ಇಂಗಿನ ಡಬ್ಬಿಯನ್ನೂ ತನ್ನ ಇಡ್ಲಿ ಸ್ಟ್ಯಾಂಡನ್ನೂ ವೇದವಲ್ಲಿಯವರ ಕೈಗಿಟ್ಟು ಹೋಗುತ್ತಿದ್ದಳು. ಗೋಡೆ ಕಪಾಟಿನಲ್ಲಿ ಈಗ ಏಳು ಇಡ್ಲಿ ಸ್ಟ್ಯಾಂಡುಗಳಿದ್ದವು. ಅವನ್ನು ನೋಡಿದಾಗಲೆಲ್ಲ ಅವರಿಗೆ ಇಡ್ಲಿಯ ನೆನಪಾಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ನಾಲ್ಕನೇ ಮಹಡಿಯ ಇಂದು ಎಂಬವಳು ಬರುತ್ತಿದ್ದಳು. ಬ್ಯಾಂಕೊಂದರ ಸಾಫ್ಟ್‌ವೇರ್ ಬರೆಯುವ ಹುಡುಗಿ. ವಾರವಿಡೀ ಜಪಾನಿಯಲ್ಲಿ ಮೀಟಿಂಗ್ ಮಾಡಿ ಸೋತು, ಶನಿವಾರ ವೇದವಲ್ಲಿಯವರ ಸೋಫಾದ ಮೇಲೆ ಕಾಲು ಮಡಚಿ ಕೂತು ಒಂದು ಕೊರಿಯನ್ ಧಾರಾವಾಹಿ ನೋಡುತ್ತಿದ್ದಳು. ಎಂಬತ್ತರ ದಶಕದ ಒಂದು ಸಣ್ಣ ಊರಿನ ಗಲ್ಲಿ. ನಾಲ್ಕು ಮನೆ, ಜೊತೆಯಲ್ಲೇ ಬೆಳೆದ ಆ ಮನೆಗಳ ಮಕ್ಕಳು, ಗಲ್ಲಿಯ ಕೊನೆಯಲ್ಲಿ ಇದ್ದಿಲು ಮಾರುವ ಒಬ್ಬ ಮುದುಕ. ಕಥೆ ಎನ್ನುವಂಥದ್ದು ಹೆಚ್ಚೇನಿಲ್ಲ. ಒಬ್ಬಳು ಕೋಸು ಹೆಚ್ಚುತ್ತಾಳೆ. ಇನ್ನೊಬ್ಬಳು ಬಾಗಿಲು ತಟ್ಟದೆ ಒಳಗೆ ಬಂದು, ಹೆಚ್ಚಿದ್ದು ದಪ್ಪವಾಯಿತೆಂದು ಬೈದು, ಚಾಕು ಕಿತ್ತುಕೊಂಡು ತಾನೇ ಹೆಚ್ಚುತ್ತಾಳೆ. ಸಂಜೆಯಾದರೆ ಎಲ್ಲ ಮನೆಯ ಸಾರೂ ಎಲ್ಲ ಮನೆಯಲ್ಲಿ.

"ಇದು ನಜರಬಾದಿನ ನಮ್ಮ ವಠಾರ ಕಣೇ," ಎಂದರು ವೇದವಲ್ಲಿ. "ಎಂಟು ಮನೆಗೆ ಒಂದು ನಲ್ಲಿ. ನಮ್ಮಮ್ಮ ಮತ್ತು ಪಕ್ಕದ ಮನೆ ಜಯಮ್ಮ ಬೆಳಿಗ್ಗೆ ನೀರಿಗೆ ಜಗಳ ಆಡೋರು, ಮಧ್ಯಾಹ್ನ ಒಂದೇ ಮೊರದಲ್ಲಿ ಅಕ್ಕಿ ಆರಿಸೋರು."

ಇಂದು ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ಆಂಟಿ, ಮಾರ್ಚ್‌ಗೆ ನಮ್ಮ ಪ್ರಾಜೆಕ್ಟ್ ಮುಗಿಯುತ್ತೆ. ವಾಪಸ್."

ವೇದವಲ್ಲಿ ಕಪಾಟಿನ ಕಡೆ ನೋಡಿದರು. "ಆಯ್ತು. ಇಡ್ಲಿ ಸ್ಟ್ಯಾಂಡ್ ಮಾತ್ರ ನನಗೆ ಕೊಡಬೇಡ," ಎಂದರು.

ಆ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ, ತಡೆಗೋಡೆಯ ಆಚೆ ತಾಚಿಬಾನಾ ಸಾನ್ ಕೆಮ್ಮಿದ್ದು ಕೇಳಿಸಿತು. ಪಕ್ಕದ ಮನೆಯಾಕೆ, ಎಪ್ಪತ್ತೈದು ದಾಟಿದ ಒಂಟಿ ಹೆಂಗಸು. ನೆರೆಯವರಾಗಿ ಇಷ್ಟು ವರ್ಷವಾದರೂ ಇಬ್ಬರ ನಡುವಿನ ಮಾತು ಲಿಫ್ಟಿನೊಳಗೆ ಹುಟ್ಟಿ ಲಿಫ್ಟಿನೊಳಗೇ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಚಳಿ ಅಲ್ಲವೇ, ಬೇಸಿಗೆಯಲ್ಲಿ ಸೆಕೆ ಅಲ್ಲವೇ. ವೇದವಲ್ಲಿ ಕೈಯಲ್ಲಿ ಪಂಚೆ ಹಿಡಿದು ನಿಂತೇ ಬಿಟ್ಟರು. ಈಕೆಗೆ ಪ್ರಾಜೆಕ್ಟ್ ಮುಗಿಯುವುದಿಲ್ಲ. ಈಕೆಯನ್ನು ಯಾವ ಕಂಪನಿಯೂ ವಾಪಸ್ ಕರೆಸಿಕೊಳ್ಳುವುದಿಲ್ಲ. ಸ್ನೇಹ ಮಾಡಿದರೆ ಇಂಥವಳ ಜೊತೆ ಮಾಡಬೇಕು.

ಮಾರನೆಯ ದಿನವೇ ಸ್ಟೀಲ್ ಡಬ್ಬಿಯ ತುಂಬ ಬಿಸಿಬೇಳೆಬಾತ್ ತುಂಬಿ, ಮೇಲೆ ತುಪ್ಪ ಸುರಿದು, ಪಕ್ಕದ ಮನೆಯ ಬೆಲ್ ಒತ್ತಿದರು. ಬಾಗಿಲು ಸರಪಳಿ ಬಿಡುವಷ್ಟು ತೆರೆಯಿತು. ತಾಚಿಬಾನಾ ಸಾನ್ ಗಾಬರಿಯಾಗಿ, ಸರಪಳಿ ತೆಗೆದು, ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಮೂರು ಸಲ ಬಗ್ಗಿ, ಬಾಗಿಲು ಹಾಕಿಕೊಂಡರು.

ಮರುದಿನ ಡಬ್ಬಿ ಬಂತು. ಕೊಂಡ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಜೊತೆಗೆ ಸೆಂಬೆ ಎಂಬ ಅಕ್ಕಿಯ ಗರಿಗರಿ ಬಿಲ್ಲೆಗಳ ಒಂದು ಪೊಟ್ಟಣ. ವೇದವಲ್ಲಿ ಹಿಂಭಾಗ ತಿರುಗಿಸಿ ಓದಿದರು. ಆ ದೇಶದ ಅಕ್ಷರ ಅವರಿಗೆ ಹೆಚ್ಚು ಬರದಿದ್ದರೂ ಮೀನು ಎಂಬುದನ್ನು ಯಾವ ಬರವಣಿಗೆಯಲ್ಲಿ ಬರೆದರೂ ಗುರುತಿಸಬಲ್ಲರು. ಮೀನಿನ ಪುಡಿ ಇತ್ತು. ಪೊಟ್ಟಣ ಅನಂತಮೂರ್ತಿಯವರ ಆಫೀಸಿಗೆ ಹೋಯಿತು.

ಆದರೆ ಕೊಟ್ಟವರಿಗೆ ತಿರುಗಿ ಏನಾದರೂ ಕಳಿಸಬೇಕಲ್ಲ. ಚಕ್ಕುಲಿ ಹೋಯಿತು, ಅಂಗಡಿಯ ಉಪ್ಪಿನಕಾಯಿ ಬಂತು. ಕೋಡುಬಳೆ ಹೋಯಿತು, ಈ ಸಲ ದೊಡ್ಡ ಅಂಗಡಿಯ ನೀಲಿ ಕಾಗದ ಸುತ್ತಿದ, ತೂಕದ ಡಬ್ಬಿ ಬಂತು. ವೇದವಲ್ಲಿ ಅದನ್ನು ಬಿಚ್ಚಲಿಲ್ಲ. ಹೇಗೂ ಮೀನೇ ಇರುತ್ತದೆ ಎಂದು ಕಪಾಟಿನಲ್ಲಿ ಇಡ್ಲಿ ಸ್ಟ್ಯಾಂಡುಗಳ ಪಕ್ಕಕ್ಕೆ ತಳ್ಳಿ, ಹೋಳಿಗೆಗೆ ಬೇಳೆ ಬೇಯಲಿಟ್ಟರು.

"ಇಲ್ಲಿ ಯಾರಾದ್ರೂ ಏನಾದ್ರೂ ಕೊಟ್ರೆ ವಾಪಸ್ ಕೊಡಲೇಬೇಕು ಆಂಟಿ. ಅದು ರೂಲ್," ಎಂದಳು ಇಂದು.

"ನಮ್ಮಲ್ಲೂ ಬಂದ ಪಾತ್ರೆ ಖಾಲಿ ಕಳಿಸಬಾರದು. ಅದೂ ರೂಲೇ."

"ಹಾಗಾದ್ರೆ ಇದು ಮುಗಿಯೋದು ಯಾವಾಗ?"

"ಅವರು ಸೋತಾಗ," ಎಂದರು ವೇದವಲ್ಲಿ.

ಹೋಳಿಗೆಗೆ ಉತ್ತರವಾಗಿ ಮತ್ತೊಂದು ನೀಲಿ ಡಬ್ಬಿ ಬಂತು. ಮೈಸೂರುಪಾಕಿಗೆ ಮೂರನೆಯದು. ಅನಂತಮೂರ್ತಿಯವರು ಕಪಾಟಿನಿಂದ ಛತ್ರಿ ತೆಗೆಯಲು ಹೋದಾಗ ಒಂದು ಅವರ ಕಾಲ ಮೇಲೆ ಬಿತ್ತು.

"ಇದು ಸ್ನೇಹಾನಾ ಟೆಸ್ಟ್ ಮ್ಯಾಚಾ ವೇದಾ?"

"ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ."

ಸುಮ್ಮನಿರಿ ಎಂದರೇ ಹೊರತು ಅವರಿಗೂ ಒಳಗೊಳಗೇ ಇರುಸುಮುರುಸು. ಡಬ್ಬಿಗಳು ಓಡಾಡುತ್ತಿದ್ದವು, ಮನುಷ್ಯರು ಓಡಾಡುತ್ತಿರಲಿಲ್ಲ. ಪಕ್ಕದ ಮನೆಯ ಚಪ್ಪಲಿ ಬಿಡುವ ಜಾಗದಿಂದಾಚೆ ಏನಿದೆ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಪ್ರತಿ ಸಲವೂ ಎರಡು ಕೈ, ಮೂರು ನಮಸ್ಕಾರ, ಮುಚ್ಚಿದ ಬಾಗಿಲು. ಧಾರಾವಾಹಿಯ ಆ ಗಲ್ಲಿಯಲ್ಲಾದರೆ ಇಷ್ಟು ಹೊತ್ತಿಗೆ ಅವಳು ಬಂದು ಇವಳ ಕೋಸಿಗೆ ಬೈದಾಗಿರುತ್ತಿತ್ತು.

ನವೆಂಬರಿನಲ್ಲಿ ಕಟ್ಟಡದ ನಿವಾಸಿಗಳ ಸಂಘದವರು ಶರತ್ಕಾಲದ ಕೂಟ ಇಟ್ಟುಕೊಂಡರು. ಕೊನೆಯಲ್ಲಿ ಲಕ್ಕಿ ಡ್ರಾ. ಪ್ರತಿ ಮನೆಯಿಂದಲೂ ಬಹುಮಾನಕ್ಕೆ ಏನಾದರೂ ಕೊಡಬೇಕೆಂದು ನೋಟಿಸ್ ಅಂಟಿಸಿದ್ದರು. ವೇದವಲ್ಲಿಯವರಿಗೆ ಕಪಾಟು ಖಾಲಿ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಕಾಗದ ಹರಿದಿಲ್ಲ, ಟೇಪು ಬಿಚ್ಚಿಲ್ಲ. ಮೂರೂ ನೀಲಿ ಡಬ್ಬಿಗಳನ್ನು ಕೆಳಗಿನ ಹಾಲಿಗೆ ಹೊತ್ತು ಹೋಗಿ, ಯಾರೂ ನೋಡದ ಹೊತ್ತಿನಲ್ಲಿ ಮೇಜಿನ ಮೇಲೆ ಬೇರೆಯವುಗಳ ನಡುವೆ ಇಟ್ಟು ಬಂದರು.

ಕೂಟದ ದಿನ ಹಾಲ್ ತುಂಬಿತ್ತು. ವೇದವಲ್ಲಿ ಮತ್ತು ಇಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎರಡು ಸಾಲು ಮುಂದೆ ತಾಚಿಬಾನಾ ಸಾನ್, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸಂಘದ ಅಧ್ಯಕ್ಷರಿಗೆ ಮೈಕು ಕಂಡರೆ ಪ್ರೀತಿ. ಬಹುಮಾನ ಏನೆಂದು ಎಲ್ಲರಿಗೂ ಗೊತ್ತಾಗಬೇಕೆಂದು ಅವರು ಒಂದೊಂದನ್ನೂ ವೇದಿಕೆಯ ಮೇಲೇ ಬಿಚ್ಚುತ್ತಿದ್ದರು. ಮೊದಲ ನೀಲಿ ಡಬ್ಬಿ ಅವರ ಕೈಗೆ ಬಂತು. ಕಾಗದ ಸರಿಸಿದರು. ಒಳಗೆ, ಡಬ್ಬಿಯ ಮೈಗೆ ಸುತ್ತಿದ ಬಿಳಿ ಪಟ್ಟಿಯೊಂದು ಇತ್ತು. ಅದರ ಮೇಲೆ ಕುಂಚದಲ್ಲಿ ಬರೆದ ಕಪ್ಪು ಅಕ್ಷರಗಳು.

ಇಂದು ಉಸಿರು ಬಿಗಿಹಿಡಿದದ್ದು ಪಕ್ಕದಲ್ಲಿ ಕೇಳಿಸಿತು. "ಆಂಟಿ, ನೀವು ಬಿಚ್ಚಿ ನೋಡಿರಲಿಲ್ವಾ?"

"ಯಾಕೆ, ಏನಿದೆ?"

"ಕೊಟ್ಟೋರ ಹೆಸರು. ಕಾಗದದ ಒಳಗೇ ಹಾಕ್ತಾರೆ."

"ತಾಚಿಬಾನಾ ಸಾನ್," ಎಂದು ಅಧ್ಯಕ್ಷರು ಮೈಕಿನಲ್ಲಿ ಓದಿದರು. "ಇಷ್ಟು ಒಳ್ಳೆಯ ಬಹುಮಾನ ಕೊಟ್ಟಿದ್ದಾರೆ. ಎಲ್ಲರೂ ಒಂದು ಚಪ್ಪಾಳೆ."

ತಾಚಿಬಾನಾ ಸಾನ್ ತಲೆಯೆತ್ತಿದರು. ಡಬ್ಬಿಯನ್ನು ನೋಡಿದರು. ನಿಧಾನವಾಗಿ ಎದ್ದು, ನಾಲ್ಕೂ ದಿಕ್ಕಿಗೆ ಬಗ್ಗಿ, ಕೂತರು. ಐದು ನಿಮಿಷದ ಮೇಲೆ ಎರಡನೆಯದು ಬಂತು. "ಓ, ಮತ್ತೆ ತಾಚಿಬಾನಾ ಸಾನ್." ಚಪ್ಪಾಳೆ ಜೋರಾಯಿತು, ಅವರು ಮತ್ತೆ ಎದ್ದು ಬಗ್ಗಿದರು. ಮೂರನೆಯ ಡಬ್ಬಿಗೆ ಅಧ್ಯಕ್ಷರು ಓದುವ ಮೊದಲೇ ಮುಂದಿನ ಸಾಲಿನ ಮುದುಕರು ಹೆಸರು ಕೂಗಿದರು. ಮೂರನೆಯ ಸಲ ಬಗ್ಗಿ ಏಳುವಾಗ ತಾಚಿಬಾನಾ ಸಾನ್ ಕಣ್ಣು ಹಿಂದಿನ ಸಾಲಿನ ಮೇಲೆ ಬಿತ್ತು. ವೇದವಲ್ಲಿಯವರು ಆಗ ನೆಲದ ಮೇಲೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು.

ಆಮೇಲಿನ ವಾರ ಅವರು ಲಿಫ್ಟ್ ಹತ್ತಲಿಲ್ಲ. ಹೊರಗೆ ಹೋಗುವ ಮುಂಚೆ ಬಾಗಿಲಿಗೆ ಕಿವಿಯಿಟ್ಟು, ಪಕ್ಕದ ಮನೆಯ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂಬತ್ತು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿದರು. ಅವರ ಮಂಡಿ ನೋವಿಗೆ ಎಣ್ಣೆ ತಿಕ್ಕುತ್ತ ಅನಂತಮೂರ್ತಿ, "ಟೆಸ್ಟ್ ಮ್ಯಾಚ್ ಏನಾಯ್ತು?" ಎಂದರು. ವೇದವಲ್ಲಿ ಕಾಲು ಎಳೆದುಕೊಂಡರು. ನಗೆಯ ವಿಷಯವಾಗಿ ಉಳಿದಿರಲಿಲ್ಲ ಅದು. ಬಾಗಿಲು ಸರಪಳಿಯಷ್ಟಾದರೂ ತೆರೆಯುತ್ತಿತ್ತು. ಇನ್ನು ಅದೂ ಇಲ್ಲ. ಮಾರ್ಚ್ ಕಳೆದ ಮೇಲೆ ಈ ಕಟ್ಟಡದಲ್ಲಿ ಅವರು ಮಾತಾಡಿಸಬಹುದಾದದ್ದು ಬಾಲ್ಕನಿಯ ತುಳಸಿಯನ್ನು ಮಾತ್ರ.

"ಒಂದು ಒಳ್ಳೆ ಸ್ವೀಟ್ ಬಾಕ್ಸ್ ತಗೊಂಡು ಹೋಗಿ ಸಾರಿ ಕೇಳಿಬಿಡಿ," ಎಂದಳು ಶನಿವಾರ ಬಂದ ಇಂದು.

"ಇನ್ನೊಂದು ಡಬ್ಬಿ ಈ ಮನೆಯಿಂದ ಹೊರಗೆ ಹೋಗಲ್ಲ."

ಹಾಗೆಂದು ಸೆರಗು ಸಿಕ್ಕಿಸಿಕೊಂಡು ಎದ್ದರು. ಜೀವಮಾನದಲ್ಲಿ ಮೊದಲ ಸಲ ಬರಿಗೈಯಲ್ಲಿ ಒಬ್ಬರ ಬಾಗಿಲಿಗೆ ಹೋಗಿ ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಾಗಿಲು ತೆರೆಯಿತು.

"ಸುಮಿಮಾಸೆನ್," ಎಂದು ವೇದವಲ್ಲಿ ಕ್ಷಮೆ ಕೇಳಿದರು. ಮುಂದಿನ ಮಾತಿಗೆ ಅವರ ಅಡುಗೆಮನೆಯ ಜಪಾನಿ ಸಾಲಲಿಲ್ಲ, ಇದ್ದಷ್ಟರಲ್ಲೇ ಹೇಳಿದರು. "ಮೀನು. ನಾವು ತಿನ್ನಲ್ಲ. ಹೇಳೋಕೆ ನಾಚಿಕೆ ಆಯ್ತು."

ತಾಚಿಬಾನಾ ಸಾನ್ ಮುಖದಲ್ಲಿ ಏನೂ ಕಾಣಲಿಲ್ಲ. "ನನಗೆ ಎಪ್ಪತ್ತಾರು ವರ್ಷ," ಎಂದರು. "ಇಲ್ಲಿಯವರೆಗೆ ಯಾರೂ ನನಗೆ ಚಪ್ಪಾಳೆ ತಟ್ಟಿರಲಿಲ್ಲ. ಮದುವೆಯಲ್ಲೂ ಇಲ್ಲ. ಈಗ ಕೆಳಗಿನ ಅಂಗಡಿಯವನೂ ನಮಸ್ಕಾರ ಮಾಡುತ್ತಾನೆ."

ವೇದವಲ್ಲಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ನಾನೂ ಒಂದು ಹೇಳಬೇಕು," ಎಂದು ತಾಚಿಬಾನಾ ಸಾನ್ ದನಿ ತಗ್ಗಿಸಿದರು. "ನಿಮ್ಮ ಆ ಮೊದಲ ಅನ್ನ. ಒಂದು ಚಮಚ ತಿಂದೆ. ಆಮೇಲೆ ಮನೆಯಲ್ಲಿದ್ದ ಹಾಲನ್ನೆಲ್ಲ ಕುಡಿದೆ. ಎಸೆಯಲು ಮನಸ್ಸಾಗಲಿಲ್ಲ. ಜರಡಿಗೆ ಹಾಕಿ ನಲ್ಲಿಯ ಕೆಳಗೆ ತೊಳೆದೆ."

"ಏನನ್ನ?"

"ಅನ್ನವನ್ನ. ತೊಳೆದ ಮೇಲೆ ಬಟಾಣಿ ಬಹಳ ಚೆನ್ನಾಗಿತ್ತು."

ವೇದವಲ್ಲಿಗೆ ಸುಮಿಮಾಸೆನ್ ಮರೆತೇ ಹೋಯಿತು. ಚಕ್ಕೆ, ಮೊಗ್ಗು, ಕೊಬ್ಬರಿ ಎಲ್ಲ ಹುರಿದು, ಮಿಕ್ಸಿಯಲ್ಲಿ ಬೇಡವೆಂದು ಕೈಯಲ್ಲೇ ಕುಟ್ಟಿ ಮಾಡಿದ ಪುಡಿ. "ಬಿಸಿಬೇಳೆಬಾತನ್ನ ತೊಳೆದ್ರಾ? ತುಪ್ಪ ಹಾಕಿದ್ದೆನಲ್ರೀ," ಎಂದು ಅಪ್ಪಟ ಕನ್ನಡದಲ್ಲೇ ಬೈದರು. ಬೈದದ್ದು ಅರ್ಥವಾಗದಿದ್ದರೂ ಬೈದದ್ದೆಂದು ಅರ್ಥವಾಗಿ, ತಾಚಿಬಾನಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಬನ್ನಿ, ನಮ್ಮನೆಗೆ ಬನ್ನಿ. ಖಾರ ಇಲ್ಲದ್ದು ಏನಾದ್ರೂ ಕೊಡ್ತೀನಿ. ಅಲ್ಲೇ ಕೂತು ತಿನ್ನಿ, ನಾನು ನೋಡಬೇಕು," ಎಂದು ವೇದವಲ್ಲಿ ಮುಂದೆ ನಡೆದರು. ಹಿಂದೆ ಮನೆಚಪ್ಪಲಿಯ ಸದ್ದು ಬರುತ್ತದೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬಂತು.

ತಾಚಿಬಾನಾ ಸಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಮೇಲಿದ್ದ ಕುಕ್ಕರನ್ನು ಬಹಳ ಹೊತ್ತು ನೋಡಿದರು. "ಇದೇನಾ ಅದು?"

"ಯಾವುದು?"

"ಬೆಳಿಗ್ಗೆ ಕೂಗುವುದು. ಅದು ಕೂಗಿದಾಗ ನಾನು ಏಳುತ್ತೇನೆ. ಕಳೆದ ವರ್ಷ ನೀವು ಊರಿಗೆ ಹೋಗಿದ್ದಾಗ ಎಚ್ಚರವೇ ಆಗಲಿಲ್ಲ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ತಪ್ಪಿತು."

"ಅಯ್ಯೋ, ಇಷ್ಟು ವರ್ಷ ಹೇಳಲೇ ಇಲ್ಲ ನೀವು."

"ಹೇಳಿದ್ದರೆ ದೂರು ಅಂದುಕೊಳ್ಳುತ್ತಿದ್ದಿರಿ. ಕ್ಷಮೆ ಕೇಳಿ ನಿಲ್ಲಿಸಿಬಿಡುತ್ತಿದ್ದಿರಿ."

ವೇದವಲ್ಲಿ ಫ್ರಿಜ್ಜಿನ ಬಾಗಿಲು ತೆರೆದು, ಅಲ್ಲಿ ತಮಗೆ ಬೇಕಾಗಿದ್ದದ್ದು ಏನೆಂದು ಸ್ವಲ್ಪ ಹೊತ್ತು ನೆನಪಾಗದೆ ನಿಂತರು. ಆಮೇಲೆ ಮೊಸರು ತೆಗೆದು, ಅನ್ನಕ್ಕೆ ಕಲಸಿ, ಒಗ್ಗರಣೆಗೆ ಮೆಣಸಿನಕಾಯಿ ಹಾಕದೆ, ತಟ್ಟೆಯಲ್ಲಿ ತಂದಿಟ್ಟರು.

"ಅನ್ನಕ್ಕೆ ಮೊಸರು?" ಎಂದರು ತಾಚಿಬಾನಾ ಸಾನ್, ತಟ್ಟೆಯನ್ನು ಒಂದು ಬೆರಳಿನಿಂದ ದೂರ ಸರಿಸುತ್ತ. "ಇದು ತಪ್ಪು."

"ತಿಂದು ಮಾತಾಡಿ."

ಸೋಫಾದ ಇನ್ನೊಂದು ತುದಿಯಲ್ಲಿ ಕೂತು ಆಕೆ ಒಂದು ಚಮಚ ತಿಂದರು, ಮುಖ ಕಿವುಚಿದರು, ಇನ್ನೊಂದು ಚಮಚ ತೆಗೆದುಕೊಂಡರು. ಎದುರಿಗೆ ಟೀವಿಯಲ್ಲಿ ಗಲ್ಲಿಯ ಹೆಂಗಸರು ಇದ್ದಿಲಿನ ಮುದುಕನ ಜೊತೆ ಚೌಕಾಸಿ ಮಾಡುತ್ತಿದ್ದರು. ತಾಚಿಬಾನಾ ಸಾನ್ ಮುಖ ಅರಳಿತು.

"ಇದನ್ನು ನಾನು ಎರಡು ಸಲ ನೋಡಿದ್ದೇನೆ. ಪಾಪ, ಈತ ಮುಂದಿನ ಕಂತಿನಲ್ಲಿ ಸಾಯುತ್ತಾನೆ. ಆ ಉದ್ದ ಜಡೆಯ ಹುಡುಗಿ ಬೇಕರಿಯವನನ್ನು ಮದುವೆಯಾಗುತ್ತಾಳೆ."

ಇಂದು ಎರಡೂ ಕಿವಿ ಮುಚ್ಚಿಕೊಂಡಳು. "ಆಂಟಿ, ಇವರನ್ನ ಯಾಕೆ ಒಳಗೆ ಕರೆದ್ರಿ? ಕಳಿಸಿ ಮೊದಲು."

"ನೀನು ಮಾರ್ಚ್‌ಗೆ ಹೋಗೋಳು, ಸುಮ್ಮನಿರು," ಎಂದು ವೇದವಲ್ಲಿ ತಾಚಿಬಾನಾ ಸಾನ್ ಕಡೆ ತಿರುಗಿ, ತಟ್ಟೆಗೆ ಇನ್ನೊಂದು ಸೌಟು ಹಾಕಿ, "ಆ ಹುಡುಗಿಯ ಅಮ್ಮ ಒಪ್ತಾಳಾ?" ಎಂದು ಕೇಳಿದರು.