ಸುಂಕಮ್ಮ ಬೋರ್ಡಿನ ಮೇಲೆ ಬರೆದ ಲೆಕ್ಕ

ಸುಂಕಮ್ಮನಿಗೆ ಕೊಟ್ಟ ಮೆಮೋ ಟೈಪು ಮಾಡಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಯ್ಯುವುದಾದರೆ ಬಯ್ಯಿರಿ.

ಹಡಗಲಿಯಲ್ಲಿ ಆಗ ಒಂದು ಖಾಸಗಿ ಜೂನಿಯರ್ ಕಾಲೇಜಿತ್ತು, ಈಗ ಮುಚ್ಚಿಹೋಗಿದೆ. ನಾನು ಅಲ್ಲಿ ಗುಮಾಸ್ತ, ಸುಂಕಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಗಂಡ ಯರ್ರೆಪ್ಪ ತೀರಿಕೊಂಡ ಮೇಲೆ ಅವನ ಕೆಲಸ ಇವಳಿಗೆ ಬಂದಿತ್ತು. ಮಕ್ಕಳಿಲ್ಲ. ಮಾಗಳದಿಂದ ಬೆಳಗಿನ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಓದಿದ್ದು ಏಳನೇ ಕ್ಲಾಸು. ಆದರೆ ಅವಳಿಗೊಂದು ಗೀಳು. ಪಾಠ ಮುಗಿದ ಮೇಲೆ ಬೋರ್ಡ್ ಒರೆಸುವ ಮುಂಚೆ, ಅಲ್ಲಿದ್ದ ಲೆಕ್ಕವನ್ನೆಲ್ಲ, ಒಡೆದ ಗಾಜಿನ ಸಾಮಾನು ಬರೆಯುವ ರಿಜಿಸ್ಟರಿನ ಹಿಂದಿನ ಹಾಳೆಗಳಿಗೆ ಇಳಿಸಿಕೊಳ್ಳುತ್ತಿದ್ದಳು.

"ಏನಮ್ಮ, ಪಿಯುಸಿ ಪರೀಕ್ಷಿ ಕಟ್ತೀಯೇನು?" ಎಂದು ನಾವು ನಗುತ್ತಿದ್ದೆವು.

"ಮನಿಗೆ ಹೋದ್ರ ಮಾತಾಡಾಕ ಯಾರದಾರ್ರಿ? ಇದನ್ನ ಬಿಡಸ್ಕೋಂತ ಕುಂದರ್ತೀನಿ" ಎನ್ನುವಳು.

1998ರ ಏಪ್ರಿಲ್‌ನಲ್ಲಿ ಸ್ಟಾಕ್ ತೂಗಿದೆವು. ಹಿಂದಿನ ವರ್ಷ ಒಂದು ಕಿಲೋ ಎಂದು ಬರೆದಿದ್ದ ವಾಷಿಂಗ್ ಸೋಡಾ ಜಾಡಿಯಲ್ಲಿ ಈಗ ನಾನೂರ ಮೂವತ್ತೈದು ಗ್ರಾಂ. ಪಾಠಕ್ಕೆಂದು ಯಾರೂ ಅದರಿಂದ ಒಂದು ಚಮಚವೂ ತೆಗೆದಿರಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ಕೆಲಸ ಬಿಟ್ಟು ಹೋಗಿ ತಿಂಗಳುಗಳಾಗಿದ್ದವು. ಪ್ರಿನ್ಸಿಪಾಲ್ ಪಂಚಾಕ್ಷರಪ್ಪನವರು ಓದಿದ್ದು ಇತಿಹಾಸ.

"ಸೋಡಾ ಬಟ್ಟಿ ಒಗ್ಯಾಕ ಬಿಟ್ರ ಇನ್ಯಾತಕ್ಕ ಬೇಕು? ಆಯಮ್ಮನ ಸೀರಿ ನೋಡ್ರಿ, ಎಷ್ಟು ಸ್ವಚ್ಛ ಐತಿ" ಎಂದರು.

ಥೂ, ಒಗೆದ ಸೀರೆ ಉಟ್ಟದ್ದೇ ಅವಳ ತಪ್ಪಾಯಿತು! ಸೋಡಾ ಎಲ್ಲಿ ಹೋಯಿತೆಂದು ಮೂರು ದಿನದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ನಾನು ಟೈಪು ಮಾಡಿ ಅವಳ ಕೈಗೆ ಕೊಟ್ಟೆ.

ಆ ಮೂರು ದಿನ ಅವಳನ್ನು ಯಾರೂ ಮಾತಾಡಿಸಲಿಲ್ಲ. ನಮಗೆಲ್ಲ ಚಹಾ ಮಾಡಿಕೊಡುತ್ತಿದ್ದವಳು ಅವಳೇ. ಸಕ್ಕರೆ ಡಬ್ಬಿ ಪ್ರಿನ್ಸಿಪಾಲರ ಬೀರು ಸೇರಿತು. ಲ್ಯಾಬಿನ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಒಬ್ಬಳೇ ಕೂತು ರೊಟ್ಟಿ ತಿನ್ನುತ್ತಿದ್ದಳು. ನಾನೂ ಏನು ಕಡಿಮೆಯೇ? ಅವಳು ಎದುರಿಗೆ ಬಂದರೆ ಫೈಲಿನಲ್ಲಿ ತಲೆ ತೂರಿಸಿಬಿಡುತ್ತಿದ್ದೆ.

ಮೂರನೇ ದಿನ ಆ ರಿಜಿಸ್ಟರ್ ಹಿಡಿದುಕೊಂಡು ಬಂದಳು. "ಲ್ಯಾಬಿಗೆ ಬರ್ರಿ ಸರ್, ಬರದು ತೋರಸ್ತೀನಿ" ಎಂದಳು. ಪ್ರಿನ್ಸಿಪಾಲರ ಹಿಂದೆ ನಾನೂ ಹೋದೆ. ಮೇಷ್ಟ್ರು ವರ್ಷ ವರ್ಷವೂ ಹಾಕುತ್ತಿದ್ದ ಸೋಡಾ ಲೆಕ್ಕ ಅವಳ ರಿಜಿಸ್ಟರಿನಲ್ಲಿತ್ತು. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು.

"ಮಲ್ಲಿಗಿ ಮೊಗ್ಗು ಯಾರರ ಎಣಿಸ್ತಾರೇನ್ರಿ? ತೂಗ್ತಾರ. ಸೋಡಾದಾಗಿನ ಸಣ್ಣ ಕಣಾನೂ ಎಣಸಾಕ ಆಗಂಗಿಲ್ಲಂತ ತೂಗ್ತಾರ್ರಿ, ಇಷ್ಟು ತೂಕಕ್ಕ ಒಂದು ಮೋಲ್ ಅಂತ. ಸೋಡಾ ಹರಳಿಂದು ಒಂದು ಮೋಲ್ ಅಂದ್ರ ಇನ್ನೂರ ಎಂಬತ್ತಾರು ಗ್ರಾಂ. ಅದರಾಗ ಹತ್ತು ಮೋಲ್ ನೀರು ಇರ್ತೈತ್ರಿ, ಒಂದೊಂದು ಹದಿನೆಂಟು ಗ್ರಾಂ. ಜಾಡಿ ಮುಚ್ಚಳ ಸೀಳೈತಿ. ನಮ್ಮೂರ ಬಿಸಲಿಗೆ ಒಂಬತ್ತು ಹಾರಿ ಹೋಗ್ಯಾವ್ರಿ, ಹತ್ತನೇದು ಅಷ್ಟು ಸುಲಭ ಬಿಡಂಗಿಲ್ಲ."

ಒಂಬತ್ತು ಹದಿನೆಂಟಲೆ ನೂರ ಅರವತ್ತೆರಡು. ಕಳೆದರೆ ಉಳಿದದ್ದು ನೂರ ಇಪ್ಪತ್ತನಾಲ್ಕು. ಇನ್ನೂರ ಎಂಬತ್ತಾರರಲ್ಲಿ ಇಷ್ಟು ಉಳಿದರೆ ಸಾವಿರದಲ್ಲಿ ಎಷ್ಟು? ಭಾಗಿಸುತ್ತಾ ಭಾಗಿಸುತ್ತಾ ಕೊನೆಗೆ ಬರೆದಳು: ನಾನೂರ ಮೂವತ್ತಮೂರೂವರೆ. ತಕ್ಕಡಿ ತೋರಿಸಿದ್ದಕ್ಕೂ ಇದಕ್ಕೂ ಬರೀ ಒಂದೂವರೆ ಗ್ರಾಂ ವ್ಯತ್ಯಾಸ.

ಪಂಚಾಕ್ಷರಪ್ಪನವರು ಪಠ್ಯಪುಸ್ತಕ ತರಿಸಿ, ಹಾಳೆ ತಿರುವಿ ತಿರುವಿ ನೋಡಿದರು. "ಹೂಂ, ಸರಿ ಐತಿ. ಮೆಮೋ ವಾಪಸ್ ತಗೋತೀವಿ. ಬೋರ್ಡ್ ಒರಸಿಬಿಡು" ಎಂದು ಹೊರಟೇ ಹೋದರು. ತಪ್ಪಾಯಿತಮ್ಮ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನಾನಾದರೂ ಒಂದು ಒಳ್ಳೆಯ ಮಾತು ಆಡೋಣವೆಂದು, "ಲೆಕ್ಕ ಸರಿಯಾಗಿ ಬಂತಲ್ಲ ಸುಂಕಮ್ಮ, ಗೆದ್ದಿ ಬಿಡು" ಎಂದೆ.

ಡಸ್ಟರ್ ಕೈಗೆತ್ತಿಕೊಂಡವಳು ತಿರುಗಿ ನೋಡಿದಳು. "ಬಂತ್ರಿ ಉಜ್ಜಿನಪ್ಪರ. ಬರದಿದ್ರ? ಹದಿನಾಲ್ಕು ವರ್ಷ ನನ್ನ ಕೈಯಾಗ ಚಾ ಕುಡದೀರಿ. ತಗಂಡೀಯೇನಮ್ಮ ಅಂತ ಒಂದು ಮಾತು ನನ್ನ ಕೇಳಲಿಲ್ಲಲ್ರಿ."

ಅವಳು ಮೇಲಿನಿಂದ ಕೆಳಗಿನವರೆಗೆ ಬೋರ್ಡ್ ಒರೆಸಿ, ಲ್ಯಾಬಿಗೆ ಬೀಗ ಹಾಕಿ, ಕೀಲಿ ನನ್ನ ಕೈಗಿಟ್ಟು ಬಸ್ಸಿಗೆ ಹೋದಳು. ಆಮೇಲೆ ಆರು ವರ್ಷ ಅಲ್ಲಿಯೇ ಇದ್ದಳು. ಹೊಸ ಮೇಷ್ಟ್ರು ಬಂದರು, ಬೋರ್ಡ್ ತುಂಬ ಲೆಕ್ಕ ಬರೆದರು. ಅವಳು ಒಂದನ್ನೂ ಇಳಿಸಿಕೊಳ್ಳಲಿಲ್ಲ.